ಹಿಂಬದಿ

ಟೇಪಿನ ಒಂದು ತುದಿ ನನ್ನ ಕೈಲಿ,
ಇನ್ನೊಂದು ಇಂಜಿನಿಯರ್ ಸಾಹೇಬರದು.
ನಡುವೆ ಹಾಸನದ ಸಂತೆಪೇಟೆಯ ನೀರುಗಂಬ.
"ಬರಕೊ" ಅಂದರು. ಬರೆದೆ:
ಎತ್ತರ ಒಂಬತ್ತಡಿ ನಾಲ್ಕಂಗುಲ.
ಕಲ್ಲು, ಬಳಪದ್ದಲ್ಲ; ಒರಟು, ಕರಿ, ಬಿಸಿಲು ಕುಡಿದದ್ದು.
ಬೇಲೂರಿನ ಬಸ್ಸುಗಳು ಇದನ್ನು ಬಳಸಿಕೊಂಡೇ ಹೋಗುತ್ತವೆ,
ಯಾರೂ ಕಿಟಕಿಯಿಂದ ಇಣುಕುವುದಿಲ್ಲ.
ಇದರಲ್ಲಿ ಮದನಿಕೆಯರಿಲ್ಲ.
ಒಂದು ಸಿಂಹದ ಮುಖವಿದೆ, ಬಾಯಲ್ಲಿ ಕೊಳವೆಯಿತ್ತು,
ಈಗ ಯಾರೋ ಸಿಕ್ಕಿಸಿದ ಮೋಟು ಬೀಡಿ.

"ಹೆಸರು?" ಕಾಲಂ ಎರಡು.
ಫಲಕದ ಎಡಮೂಲೆಯನ್ನು ಆಲೂಗಡ್ಡೆ ಲಾರಿಯೊಂದು
ಎಂದೋ ಕಚ್ಚಿಕೊಂಡು ಹೋಗಿದೆ.
ಉಳಿದದ್ದು ಇಷ್ಟು:
'...ಮ್ಮನವರ ಜ್ಞಾಪಕಾರ್ಥವಾಗಿ
ದನಕರು ಕುದುರೆಗಳ ಬಾಯಾರಿಕೆಗೆ.'

ಯಾವ ಅಮ್ಮ?
ವಕೀಲ ನಂಜುಂಡಾರಾಧ್ಯರ ಪ್ರಕಾರ ಯಾರೋ ಅಮಲ್ದಾರರ ಹೆಂಡತಿ,
ಪ್ಲೇಗಿನ ವರ್ಷ, ಊರಾಚೆಯ ಜೋಪಡಿಯಲ್ಲಿ
ನೀರು ನೀರು ಅಂತಲೇ ಹೋದವರು.
ಹೂವಿನ ಪುಟ್ಟತಾಯಮ್ಮನಿಗೆ ಅನುಮಾನವೇ ಇಲ್ಲ:
ಅಮ್ಮ ಅಂದರೆ ಅಮ್ಮನೇ.
ಮಂಗಳವಾರ ಸಿಂಹದ ಹಣೆಗೆ ಕುಂಕುಮ.
ಜಟಕಾ ಬುಡೇನ್ ಸಾಬರ ಮೊಮ್ಮಗ ಆಟೋದಿಂದಿಳಿದು ಅಂದ,
"ನಮ್ಮಜ್ಜನ ಕುದುರೆ ಈ ಕಲ್ಲು ಕಂಡರೆ
ಗಿರಾಕಿ ಬೈದರೂ ನಿಂತುಬಿಡೋದಂತೆ.
ಕುದುರೆ ಸತ್ತ ಮೇಲೆ ಅಜ್ಜ ಒಬ್ಬರೇ ಬಂದು ನಿಲ್ಲೋರು."

ಹಳೇ ರಿಜಿಸ್ಟರ್ ತೆಗೆಸಿದೆವು.
ಅಮ್ಮನ ಸುದ್ದಿಯೇ ಇಲ್ಲ ಅದರಲ್ಲಿ.
'ತೊಟ್ಟಿ ಒಂದು. ಖರ್ಚು ಇನ್ನೂರ ಹದಿನಾರು ರೂಪಾಯಿ ಎಂಟಾಣೆ.
ಕಲ್ಲುಕುಟಿಗ ಬೈರಾಚಾರಿಗೆ ಬಾಕಿ, ಏಳು ರೂಪಾಯಿ.'
ಮುಂದಿನ ವರ್ಷವೂ ಬಾಕಿ ಏಳು.
ಅದರ ಮುಂದಿನ ವರ್ಷವನ್ನು ಗೆದ್ದಲು ಓದಿದೆ.

ಮುಂದಿನ ತೊಟ್ಟಿ: ಉದ್ದ ಆರಡಿ.
ಅಂಚು ಸವೆದಿದೆ, ಎತ್ತುಗಳ ಗಂಗೆದೊಗಲು ಉಜ್ಜಿ ಉಜ್ಜಿ.
ಎಡಬದಿ, ಬಲಬದಿ ಆಯಿತು.
"ಹಿಂದೆ ಬೇಡ ಬಿಡೋ, ಏನಿದೆ ಅಲ್ಲಿ"
ಅಂದರು ಸಾಹೇಬರು, ನೆರಳಿಗೆ ಸರಿದು.

ಇದೆ.
ಮೊಣಕಾಲೆತ್ತರದಲ್ಲಿ ಒಂದು ಕಿಂಡಿ,
ಅದರ ಕೆಳಗೆ ಬೋಗುಣಿಯಷ್ಟು ಗುಳಿ.
ದನ ಕುಡಿದು, ಕುದುರೆ ಕುಡಿದು, ತುಂಬಿ ಮಿಕ್ಕಿದ್ದು
ಇಲ್ಲಿಗೆ ಬರುತ್ತಿತ್ತು.
ಸೌದೆ ಹೊರೆ ಮಾರಿ ಮರಳುವಾಗ
ನಮ್ಮಜ್ಜಿ ಮಂಚಮ್ಮ ಬಗ್ಗಿ ಕುಡಿದದ್ದು ಇಲ್ಲಿ.
ಮುಂದಿನದನ್ನು ಅವಳು ಮುಟ್ಟಿದರೆ ಮೈಲಿಗೆ.
ಎತ್ತು ಮೂತಿ ಅದ್ದಿದರೆ ಇಲ್ಲ.
ಅಜ್ಜಿ ಇದನ್ನು ಸಿಟ್ಟಿಲ್ಲದೆ ಹೇಳೋಳು;
ನೀರಿಗೆ ಕುದುರೆ ವಾಸನೆ ಅಂತ ಮಾತ್ರ ಮೂಗು ಮುರಿಯೋಳು.
ಎರಡನೇ ಕ್ಲಾಸಿನ ನಾನು ಅಕ್ಷರ ಕೂಡಿಸಿ ಓದಿ,
"ಅಜ್ಜೀ, 'ಮ್ಮನವರ' ಅಂತಿದೆ, ನಿಂದೇ ಇರಬೇಕು" ಅಂದಾಗ
ಬಾಯಿಯ ಎಲೆಯಡಿಕೆ ಸಿಡಿಯುವಂತೆ ನಕ್ಕಳು:
"'ನವರ' ಅಂತ ಐತೇನ್ಲಾ?
ಹಂಗಾರೆ ನಮ್ಮೋರಲ್ಲ ಬಿಡು."

ಕುಕ್ಕರಗಾಲಲ್ಲಿ ಕೂತು ಗುಳಿಯ ಅಂಚಿಗೆ ಬೆರಳಿಟ್ಟೆ.
ಇದೂ ಸವೆದಿದೆ. ಗಂಗೆದೊಗಲಿಂದಲ್ಲ.
ಎಡಕ್ಕೆ ಹೆಚ್ಚು. ಎಡಗೈ ಊರಿ
ಬಲಗೈಯಲ್ಲಿ ಮೊಗೆದರೆ ಹೀಗಾಗುತ್ತದೆ.
ಸುತ್ತ ಏನೋ ತಗುಲಿತು, ಪಾಚಿ ಕೆರೆದೆ:
ನಾಲ್ಕು ದಳ. ಬೈರಾಚಾರಿ ಇದಕ್ಕೂ ಉಳಿ ಹಿಡಿದಿದ್ದಾನೆ.
ಯಾರೂ ಹೇಳಿರಲಿಕ್ಕಿಲ್ಲ.
ಕೊಡದೆ ಉಳಿಸಿಕೊಂಡ ಏಳು ರೂಪಾಯಿ
ಈ ಹೂವಿನದೋ ಏನೋ.

ರಸ್ತೆ ಅಗಲವಾಗುತ್ತದೆ. ಕಂಬ ಪಾರ್ಕಿಗೆ ಹೋಗುತ್ತದೆ,
ಕಾಂಪೌಂಡಿಗೆ ಬೆನ್ನು ಅಂಟಿಸಿ, ಮುಂದೆರಡು ಬಣ್ಣದ ಲೈಟು.
ನಕ್ಷೆಯನ್ನು ಶಾಯಿಯಲ್ಲಿ ತಿದ್ದಲು ನನಗೆ ಕೊಟ್ಟರು.
ಬಗ್ಗಿದವರಿಗೆ ಎಷ್ಟು ಜಾಗ ಬೇಕು?
ರಾತ್ರಿ ಆಫೀಸಿನ ಗೋಡೆಯ ಹತ್ತಿರ ನಾನೇ ಬಗ್ಗಿ ಅಳೆದೆ.
ಎರಡೂ ಮುಕ್ಕಾಲು.
ಗೋಡೆಗೂ ಕಂಬಕ್ಕೂ ನಡುವೆ ಗೆರೆ ಎಳೆದು ಬರೆದೆ:
ಹಿಂದೆ ಮೂರಡಿ ಬಿಡತಕ್ಕದ್ದು.

"ಯಾಕೋ?"
"ಗಾಳಿಯಾಡಲಿ ಅಂತ ಸರ್."
ಸಹಿ ಹಾಕಿದರು.